ಮನೆಯ ಹೈ-ಫೈಗೆ ಸಬ್‌ವೂಫರ್: ಕೊಳ್ಳುವ ಮುಂಚೆ, ಕೂರಿಸುವ ಮುಂಚೆ



ಯುಗಾದಿ ಊಟದ ದಿನ ನಮ್ಮ ಕೂಟದ ಸ್ನೇಹಿತರೊಬ್ಬರು ಒಂದು ದೂರು ಹೇಳಿಕೊಂಡರು. ಒಳ್ಳೆಯ ದುಡ್ಡು ಕೊಟ್ಟು ಸಬ್‌ವೂಫರ್ ತಂದಿದ್ದಾರೆ. ಟಿವಿ ಪಕ್ಕದ ಮೂಲೆಯಲ್ಲಿ ಜಾಗ ಖಾಲಿ ಇತ್ತು, ಅಲ್ಲಿಟ್ಟಿದ್ದಾರೆ. ಮೊದಲ ದಿನ ಸಿನಿಮಾ ಹಾಕಿದಾಗ ಮಕ್ಕಳು ಕುಣಿದಾಡಿದರಂತೆ. ಎರಡನೆಯ ದಿನ ಕಛೇರಿಯ ಸಿ.ಡಿ. ಹಾಕಿದರೆ ಮೃದಂಗ ಡೊಳ್ಳಿನ ಹಾಗೆ, ತಂಬೂರಿ ಹಳೆಯ ಫ್ರಿಜ್ಜಿನ ಹಾಗೆ ಕೇಳಿಸಿತಂತೆ. ಮೂರನೆಯ ದಿನ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಈಗ ಆ ಡಬ್ಬ ಕೆಲ್ಲರ್‌ನಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಕೂತಿದೆ. “ಬ್ರ್ಯಾಂಡ್ ಸರಿಯಿಲ್ಲ ಅನ್ನಿಸುತ್ತೆ ಸಾರ್, ಯಾವುದು ತಗೋಬೇಕು ಹೇಳಿ” ಎಂದು ಕೇಳಿದರು.

ಬ್ರ್ಯಾಂಡಿನ ತಪ್ಪೇನೂ ಇರಲಿಲ್ಲ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ, ಅದಕ್ಕೇ ಈ ಲೇಖನ. ಒಂದೇ ಮಾತಿನಲ್ಲಿ ಹೇಳುವುದಾದರೆ, ಸಬ್‌ವೂಫರ್ ವಿಷಯದಲ್ಲಿ ಯಾವುದನ್ನು ಕೊಂಡಿರಿ ಎನ್ನುವುದಕ್ಕಿಂತ ಎಲ್ಲಿಟ್ಟಿರಿ, ಎಷ್ಟಕ್ಕಿಟ್ಟಿರಿ ಎನ್ನುವುದೇ ಮುಖ್ಯ. ಜರ್ಮನಿಯ ಫ್ಲ್ಯಾಟುಗಳಲ್ಲಿ ಇದರ ಜೊತೆಗೆ ಇನ್ನೊಂದು ಸೇರುತ್ತದೆ: ಕೆಳಗಿನ ಮನೆಯವರ ಜೊತೆ ಹೇಗಿದ್ದೀರಿ ಎಂಬುದು.

ಈ ಡಬ್ಬದ ಕೆಲಸ ಏನು?

ಸದ್ದು ಎಂದರೆ ಗಾಳಿಯ ಅದುರುವಿಕೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಹೈನ್ರಿಖ್ ಹರ್ಟ್ಸ್ ಅವರ ಹೆಸರೇ ಅದು. ನಮ್ಮ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್, ಡಬಲ್ ಬೇಸ್‌ನದು 41 ಹರ್ಟ್ಸ್. ಇಲ್ಲಿನ ದೊಡ್ಡ ಚರ್ಚುಗಳ ಆರ್ಗನ್‌ಗಳಲ್ಲಿ 32 ಅಡಿಯ ಕೊಳವೆ ಇದ್ದರೆ ಅದು ಸುಮಾರು 16 ಹರ್ಟ್ಸ್ ಊದುತ್ತದೆ. ಅದು ಕಿವಿಗಿಂತ ಹೆಚ್ಚಾಗಿ ಕೂತ ಬೆಂಚಿಗೇ ತಿಳಿಯುತ್ತದೆ.

ಕೆಳಗಿನ ಸ್ವರ ನುಡಿಸಲು ತುಂಬಾ ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರಿನ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಓಡಾಡಬೇಕು. ಪುಸ್ತಕದ ಕಪಾಟಿನಲ್ಲಿ ಕೂರುವ ಸಣ್ಣ ಸ್ಪೀಕರಿಗೆ ಅಷ್ಟು ಶಕ್ತಿಯಿಲ್ಲ. ಐವತ್ತು, ಅರವತ್ತು ಹರ್ಟ್ಸ್‌ನ ಕೆಳಗೆ ಅದು ಕೈಚೆಲ್ಲುತ್ತದೆ. ಆ ಕೆಲಸವನ್ನು ಪ್ರತ್ಯೇಕವಾದ ಡಬ್ಬಕ್ಕೆ, ಪ್ರತ್ಯೇಕವಾದ ಆಂಪ್ಲಿಫೈಯರಿಗೆ ವಹಿಸಿದರೆ ಅದೇ ಸಬ್‌ವೂಫರ್.

ಡಬ್ಬಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪೂರ್ತಿ ಮುಚ್ಚಿದ್ದು. ಇನ್ನೊಂದಕ್ಕೆ ಒಂದು ತೂತು ಅಥವಾ ಕೊಳವೆ ಇರುತ್ತದೆ, ಅದನ್ನು ಬೇಸ್ ರಿಫ್ಲೆಕ್ಸ್ ಎನ್ನುತ್ತಾರೆ. ಈ ಎರಡನೆಯದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಘಟವನ್ನು ನೆನೆಸಿಕೊಂಡರೆ ಸಾಕು. ಘಟದ ಬಾಯಿಯ ಮೇಲೆ ಅಂಗೈ ಬಡಿದಾಗ ಬರುವ ‘ಗುಂ’ ಮಣ್ಣಿನ ಸದ್ದಲ್ಲ. ಕೊರಳಿನಲ್ಲಿರುವ ಗಾಳಿ ಹೊಟ್ಟೆಯಲ್ಲಿರುವ ಗಾಳಿಯ ಮೇಲೆ ಸ್ಪ್ರಿಂಗಿನ ಹಾಗೆ ಕುಣಿಯುವ ಸದ್ದು ಅದು. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥ ಪಾತ್ರೆಗಳನ್ನು ಇಟ್ಟುಕೊಂಡೇ ಸ್ವರಗಳನ್ನು ಬಿಡಿಸಿ ನೋಡಿದರು, 1863ರಲ್ಲಿ ಅದನ್ನೆಲ್ಲ ದೊಡ್ಡ ಪುಸ್ತಕವಾಗಿ ಬರೆದರು. ತೂತಿರುವ ಸಬ್‌ವೂಫರ್ ಎಂದರೆ ಸ್ಪೀಕರ್ ಕೂರಿಸಿದ ಘಟ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಸದ್ದು ಕೊಡುತ್ತದೆ, ಆದರೆ ನಿಲ್ಲಿಸು ಎಂದಾಗ ನಿಲ್ಲುವುದು ಸ್ವಲ್ಪ ತಡ. ಮುಚ್ಚಿದ ಡಬ್ಬ ಅಷ್ಟು ಜೋರಿಲ್ಲ, ಆದರೆ ಬಿಗಿಯಾಗಿ ನಿಲ್ಲುತ್ತದೆ. ಸಂಗೀತವನ್ನೇ ಹೆಚ್ಚು ಕೇಳುವವರಿಗೆ, ಸಣ್ಣ ಕೋಣೆಯವರಿಗೆ ಮುಚ್ಚಿದ್ದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಸಂಗೀತಕ್ಕೆ ಇದು ಬೇಕೆ?

ಇದು ನ್ಯಾಯವಾದ ಪ್ರಶ್ನೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ 20 ಹರ್ಟ್ಸ್ ಎಲ್ಲಿಂದ ಬರಬೇಕು?

ಲೆಕ್ಕ ಹಾಕೋಣ. ಗಾಯಕರು ಸಿ ಶಾರ್ಪ್‌ನಲ್ಲಿ, ಅಂದರೆ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡುತ್ತಿದ್ದಾರೆ ಎನ್ನಿ. ತಂಬೂರಿಯ ನಡುವಿನ ಎರಡು ತಂತಿ ಸುಮಾರು 139 ಹರ್ಟ್ಸ್. ಕೊನೆಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. ಮೃದಂಗದ ಎಡಮುಖಕ್ಕೆ ರವೆಯ ಕಣಕ ಹಚ್ಚಿದಾಗ ಅದು ಬಲಮುಖಕ್ಕಿಂತ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಗುಮ್ಕಿ ಒತ್ತಿದಾಗ ಆ ನಾದ ಜಾರುತ್ತದೆ. ಮೃದಂಗ, ತಬಲಗಳ ಬಲಮುಖದ ಕರಣೆ ಹೇಗೆ ಚರ್ಮದ ಸದ್ದನ್ನು ಸ್ವರವನ್ನಾಗಿ ಮಾಡುತ್ತದೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದಾರೆ. ಎಡಮುಖದ ಕಥೆಯೂ ಅಷ್ಟೇ ಸ್ವಾರಸ್ಯವಾದದ್ದು, ಆದರೆ ಸಣ್ಣ ಸ್ಪೀಕರುಗಳಲ್ಲಿ ಅದು ಅರ್ಧಕ್ಕರ್ಧ ಕಳೆದುಹೋಗುತ್ತದೆ. ಬಲಗೈಯ ‘ನಂ’, ‘ಧಿಂ’ ಚೆನ್ನಾಗಿ ಕೇಳಿಸುತ್ತದೆ, ಎಡಗೈ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ. ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಕೇಳಿ ಬೆಳೆದವರಿಗೆ ಇದು ದೊಡ್ಡ ನಷ್ಟ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದು ನಷ್ಟ ಎಂದು ಕೂಡ ಗೊತ್ತಾಗುವುದಿಲ್ಲ. ಮೃದಂಗ ಎಂದರೆ ಟಕಟಕ ಎನ್ನುವ ವಾದ್ಯ ಎಂದುಕೊಂಡುಬಿಡುತ್ತಾರೆ.

ಹಾಗಾಗಿ ನಮಗೆ ಬೇಕಾದದ್ದು ಸುಮಾರು 40ರಿಂದ 100 ಹರ್ಟ್ಸ್ ನಡುವಿನ ಚೊಕ್ಕವಾದ ನಾದ. ಅದಕ್ಕೆ ಸಣ್ಣ ಸಬ್‌ವೂಫರ್ ಸಾಕು. ನೆಲ ನಡುಗಿಸುವ ದೊಡ್ಡ ಡಬ್ಬ ಬೇಕಾಗುವುದು ಭೂಕಂಪ, ಸ್ಫೋಟ ಇರುವ ಸಿನಿಮಾಗಳಿಗೆ. ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರುಗಳು ಈಗಾಗಲೇ ಇದ್ದರೆ ಕಛೇರಿ ಕೇಳಲು ಬಹುಶಃ ಸಬ್‌ವೂಫರ್ ಬೇಕಾಗಿಯೇ ಇಲ್ಲ. ಹಳೆಯ ಗ್ರಾಮಫೋನ್ ಪ್ಲೇಟುಗಳಿಂದ ತೆಗೆದ ಧ್ವನಿಮುದ್ರಣಗಳಲ್ಲಿ ಅಷ್ಟು ಕೆಳಗಿನ ನಾದ ದಾಖಲಾಗಿಯೇ ಇಲ್ಲ, ಇಲ್ಲದ್ದನ್ನು ಯಾವ ಡಬ್ಬವೂ ತಂದುಕೊಡುವುದಿಲ್ಲ. ಎಲ್.ಪಿ. ಕೇಳುವವರಿಗೆ ಇನ್ನೊಂದು ಎಚ್ಚರಿಕೆ: ಪ್ಲೇಟು ಸ್ವಲ್ಪ ಸೊಟ್ಟಗಿದ್ದರೂ ಸಬ್‌ವೂಫರಿನ ಶಂಕು ಸುಮ್ಮನೆ ಒದ್ದಾಡುತ್ತದೆ. ಫೋನೋ ಆಂಪ್ಲಿಫೈಯರಿನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇದ್ದರೆ ಹಾಕಿಕೊಳ್ಳಿ.

ಕೋಣೆಯೂ ಒಂದು ವಾದ್ಯ

ಮತ್ತೆ ನಮ್ಮ ಸ್ನೇಹಿತರ ಮನೆಗೆ ಬರೋಣ. ಒಂದು ಶನಿವಾರ ಮಧ್ಯಾಹ್ನ ಟೇಪು ಹಿಡಿದು ಅವರ ಹಾಲ್ ಅಳೆದೆವು. ಉದ್ದ 5 ಮೀಟರ್, ಅಗಲ 4, ಎತ್ತರ 2.5. ಹೊಸ ಕಟ್ಟಡಗಳಲ್ಲಿ ಸಾಮಾನ್ಯವಾದ ಅಳತೆ.

ಪಿಯುಸಿ ಲ್ಯಾಬ್ ನೆನಪಿದೆಯೆ? ಕೊಳವೆಯಲ್ಲಿ ನೀರು ತುಂಬಿ, ಮೇಲೆ ಟ್ಯೂನಿಂಗ್ ಫೋರ್ಕ್ ಹಿಡಿದು, ನೀರನ್ನು ಇಳಿಸುತ್ತಾ ಹೋದರೆ ಒಂದು ಮಟ್ಟದಲ್ಲಿ ಇದ್ದಕ್ಕಿದ್ದಂತೆ ಸದ್ದು ಜೋರಾಗುತ್ತಿತ್ತು. ಕೋಣೆಯಲ್ಲಿ ಆಗುವುದೂ ಅದೇ ಜಾತಿಯದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 34 ಹರ್ಟ್ಸ್‌ನ ಅಲೆಯ ಉದ್ದ 10 ಮೀಟರ್. ಅದರ ಅರ್ಧ 5 ಮೀಟರ್, ಅಂದರೆ ಸರಿಯಾಗಿ ಈ ಹಾಲಿನ ಉದ್ದ. ಅಲೆ ಗೋಡೆಗೆ ಬಡಿದು ವಾಪಸು ಬಂದು ತನ್ನ ಮೇಲೆ ತಾನೇ ಕೂತುಕೊಳ್ಳುತ್ತದೆ. ಗೋಡೆಗಳ ಹತ್ತಿರ ಸದ್ದು ಗುಂಯ್ಗುಡುತ್ತದೆ, ಕೋಣೆಯ ನಡುವೆ ಮಾಯವಾಗುತ್ತದೆ.

ಲೆಕ್ಕ ಸುಲಭ: 343ನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿ. ಉದ್ದಕ್ಕೆ 34 ಹರ್ಟ್ಸ್, ಅಗಲಕ್ಕೆ 43, ಎತ್ತರಕ್ಕೆ 69. ಇವುಗಳ ಎರಡರಷ್ಟು, ಮೂರರಷ್ಟರಲ್ಲೂ ಹೀಗೇ ಆಗುತ್ತದೆ. ಉದ್ದದ 34ರ ಎರಡರಷ್ಟು ಸುಮಾರು 69. ಎತ್ತರದ್ದೂ 69! ಈ ಕೋಣೆಯ ಉದ್ದ ಎತ್ತರದ ಸರಿಯಾಗಿ ಎರಡರಷ್ಟಿರುವುದರಿಂದ ಎರಡು ಗುಂಯ್‌ಗಳು ಒಂದೇ ಜಾಗದಲ್ಲಿ ಬಂದು ಕೂತಿವೆ. ಮೇಲೆ ಹೇಳಿದ ತಂಬೂರಿಯ ಮಂದ್ರ ಷಡ್ಜವೂ 69 ಹರ್ಟ್ಸ್. ನಿಜವಾದ ತಂಬೂರಿಯಲ್ಲಿ ಆ ಮೂಲಸ್ವರ ಮೆಲ್ಲಗಿರುತ್ತದೆ, ಅದರ ಮೇಲಿನ ಅನುಸ್ವರಗಳೇ ಕಿವಿ ತುಂಬುವುದು. ಇಲ್ಲಿ ಕೋಣೆ ಆ ಮೂಲಸ್ವರವೊಂದನ್ನೇ ಎತ್ತಿ ಹಿಡಿಯುತ್ತಿತ್ತು. ತಂಬೂರಿ ಫ್ರಿಜ್ಜಿನ ಹಾಗೆ ಕೇಳಿಸಿದ್ದಕ್ಕೆ ಕಾರಣ ಸಿಕ್ಕಿತು.

ಇಂಥ ತೊಂದರೆ ಎಲ್ಲ ಸ್ವರಗಳಿಗೂ ಇಲ್ಲ. ಒಂದು ಹಂತದ ಮೇಲೆ ಕೋಣೆಯ ಈ ಅಲೆಗಳು ಎಷ್ಟು ಒತ್ತೊತ್ತಾಗಿರುತ್ತವೆಂದರೆ ಒಂದೊಂದನ್ನು ಬೇರೆಯಾಗಿ ಗುರುತಿಸಲಾಗುವುದಿಲ್ಲ. ಆ ಹಂತ ಯಾವುದು ಎಂದು ಲೆಕ್ಕ ಹಾಕುವ ಸೂತ್ರಕ್ಕೆ ಮಾನ್‌ಫ್ರೆಡ್ ಶ್ರೋಡರ್ ಅವರ ಹೆಸರಿದೆ. ಗ್ಯೋಟಿಂಗೆನ್‌ನಲ್ಲಿ ಓದಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದು, ಮತ್ತೆ ಗ್ಯೋಟಿಂಗೆನ್‌ನಲ್ಲೇ ಪ್ರೊಫೆಸರ್ ಆಗಿದ್ದವರು. ಸ್ನೇಹಿತರ ಹಾಲಿನ ಗಾತ್ರ 50 ಘನ ಮೀಟರ್. ಅಲ್ಲಿ ಸದ್ದು ಆರಲು ಅರ್ಧ ಸೆಕೆಂಡು ಬೇಕೆಂದುಕೊಂಡರೆ ಆ ಹಂತ 200 ಹರ್ಟ್ಸ್. ಅಂದರೆ 200ರ ಮೇಲೆ ನೀವು ಕೇಳುವುದು ಹೆಚ್ಚಾಗಿ ಸ್ಪೀಕರನ್ನು, ಅದರ ಕೆಳಗೆ ಕೇಳುವುದು ಹೆಚ್ಚಾಗಿ ಕೋಣೆಯನ್ನು. ಸಬ್‌ವೂಫರ್ ಇಡಿಯಾಗಿ ಈ ಕೆಳಗಿನ ಪಾಲಿಗೆ ಸೇರಿದ್ದು.

ಗೋಡೆಗೆ ಸ್ಪಂಜು ಅಂಟಿಸಿದರೆ, ದಪ್ಪ ಪರದೆ ಹಾಕಿದರೆ ಸರಿಹೋಗುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಅದರಿಂದ ಮೇಲಿನ ಸ್ವರಗಳ ಪ್ರತಿಧ್ವನಿ ಕಡಿಮೆಯಾಗುತ್ತದೆ, ಅಷ್ಟೇ. 40 ಹರ್ಟ್ಸ್ ಅಲೆಯ ಕಾಲು ಭಾಗವೇ ಎರಡು ಮೀಟರಿಗಿಂತ ಹೆಚ್ಚು. ಐದು ಸೆಂಟಿಮೀಟರ್ ಸ್ಪಂಜು ಅದಕ್ಕೆ ಲೆಕ್ಕಕ್ಕಿಲ್ಲ.

ಅಂಬೆಗಾಲಿಡುವ ಪರೀಕ್ಷೆ

ಮೂಲೆ ಎಂದರೆ ಮೂರು ಗೋಡೆಗಳು ಸೇರುವ ಜಾಗ (ನೆಲವನ್ನೂ ಸೇರಿಸಿಕೊಳ್ಳಿ). ಅಲ್ಲಿಟ್ಟ ಸಬ್‌ವೂಫರ್ ಕೋಣೆಯ ಎಲ್ಲ ಗುಂಯ್‌ಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಜೋರು ಬೇಕಾದವರಿಗೆ ಮೂಲೆ ಒಳ್ಳೆಯದು, ಚೊಕ್ಕಟ ಬೇಕಾದವರಿಗೆ ಅಷ್ಟು ಒಳ್ಳೆಯದಲ್ಲ.

ಸರಿಯಾದ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನು ನೀವು ಕೂರುವ ಸೋಫಾದ ಜಾಗದಲ್ಲೇ ಇಡಿ. ಬೇಸ್ ಸ್ವರಗಳು ಮೇಲೆ ಕೆಳಗೆ ಓಡಾಡುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ. ಈಗ ನೀವು ಗೋಡೆಯ ಪಕ್ಕದಲ್ಲಿ ಅಂಬೆಗಾಲಿಡುತ್ತಾ ಕಿವಿ ಕೆಳಗಿಟ್ಟು ಕೇಳುತ್ತಾ ಹೋಗಿ. ಕೆಲವು ಕಡೆ ಒಂದೇ ಸ್ವರ ಗುಂಯ್ಗುಡುತ್ತದೆ, ಕೆಲವು ಕಡೆ ಸ್ವರವೇ ಇರುವುದಿಲ್ಲ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳಿಸುತ್ತವೋ ಅಲ್ಲಿ ಸಬ್‌ವೂಫರ್ ಇಟ್ಟು ನೀವು ಸೋಫಾಗೆ ಹೋಗಿ. ಡಬ್ಬ ಮತ್ತು ಕಿವಿ ಜಾಗ ಬದಲಾಯಿಸಿಕೊಂಡರೂ ಕೇಳಿಸುವುದು ಒಂದೇ, ಅದೇ ಇದರ ಗುಟ್ಟು. ಮಕ್ಕಳು ನಗುತ್ತಾರೆ, ನಗಲಿ.

ಸೋಫಾದ ಜಾಗವೂ ಅಷ್ಟೇ ಮುಖ್ಯ. ಹಿಂದಿನ ಗೋಡೆಗೆ ಒರಗಿದ್ದರೆ ಗುಂಯ್ ಹೆಚ್ಚು. ಕೋಣೆಯ ಸರಿಯಾದ ನಡುವೆ ಇದ್ದರೆ ಕೆಳಗಿನ ಸ್ವರಗಳೇ ಕಾಣೆ. ಗೋಡೆಯಿಂದ ಅರ್ಧ ಮೀಟರ್ ಮುಂದೆ ಎಳೆದರೂ ವ್ಯತ್ಯಾಸ ತಿಳಿಯುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಒಂದೋ, ಎರಡೋ?

2002ರ ಮೇ ತಿಂಗಳಲ್ಲಿ ಆಡಿಯೋ ಎಂಜಿನಿಯರುಗಳ ಸಂಘ ಎಇಎಸ್‌ನ 112ನೆಯ ಸಮ್ಮೇಳನ ನಮ್ಮ ಮ್ಯೂನಿಕ್‌ನಲ್ಲೇ ನಡೆಯಿತು. ಅಲ್ಲಿ ಟಾಡ್ ವೆಲ್ಟಿ ಎಂಬ ಅಮೆರಿಕದ ಎಂಜಿನಿಯರ್ ‘ಎಷ್ಟು ಸಬ್‌ವೂಫರ್ ಇದ್ದರೆ ಸಾಕು’ ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಪ್ರಬಂಧ ಓದಿದರು. ಆಯತಾಕಾರದ ಕೋಣೆಯಲ್ಲಿ ಬೇರೆ ಬೇರೆ ಸಂಖ್ಯೆಯ, ಬೇರೆ ಬೇರೆ ಜಾಗಗಳ ಸಬ್‌ವೂಫರುಗಳನ್ನು ಹೋಲಿಸಿ ನೋಡಿದ್ದರು. ನಾಲ್ಕು ಗೋಡೆಗಳ ನಡುಮಧ್ಯದಲ್ಲಿ ಒಂದೊಂದು, ಹೀಗೆ ನಾಲ್ಕು ಇಟ್ಟರೆ ಕೂತ ಜಾಗಗಳಲ್ಲೆಲ್ಲ ಬೇಸ್ ಹೆಚ್ಚು ಸಮನಾಗಿತ್ತು. ಎದುರುಬದುರು ಗೋಡೆಗಳ ನಡುವೆ ಎರಡೇ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿತ್ತು. ನಾಲ್ಕಕ್ಕಿಂತ ಹೆಚ್ಚಿಟ್ಟು ಲಾಭವಿರಲಿಲ್ಲ.

ಕಾರಣ ತಿಳಿಯಲು ಉಯ್ಯಾಲೆ ನೆನೆಸಿಕೊಳ್ಳಿ. ಒಂದು ಕಡೆಯಿಂದ ಲಯಕ್ಕೆ ಸರಿಯಾಗಿ ತಳ್ಳುತ್ತಿದ್ದರೆ ಉಯ್ಯಾಲೆ ಏರುತ್ತಲೇ ಹೋಗುತ್ತದೆ. ಎರಡು ಕಡೆಯಿಂದ ಇಬ್ಬರು ಒಟ್ಟಿಗೆ, ಒಂದೇ ಬಲದಿಂದ ತಳ್ಳಿದರೆ ಅದು ಅಲ್ಲಾಡುವುದೇ ಇಲ್ಲ. ಉದ್ದದ 34 ಹರ್ಟ್ಸ್ ಅಲೆ ಒಂದು ಗೋಡೆಯಲ್ಲಿ ಮುಂದಕ್ಕೆ ಬಂದಾಗ ಎದುರು ಗೋಡೆಯಲ್ಲಿ ಹಿಂದಕ್ಕೆ ಹೋಗಿರುತ್ತದೆ. ಎರಡೂ ಕಡೆಯ ಡಬ್ಬಗಳು ಒಟ್ಟಿಗೆ ತಳ್ಳಿದರೆ ಅದಕ್ಕೆ ಏಳಲು ಅವಕಾಶವಿಲ್ಲ. ಅಗಲದ 43 ಹರ್ಟ್ಸ್ ಅಲೆಗೆ ಗೋಡೆಯ ನಡುಭಾಗ ಸತ್ತ ಜಾಗ, ಅಲ್ಲಿಂದ ಅದನ್ನು ಎಬ್ಬಿಸಲಾಗುವುದಿಲ್ಲ. ಹಾಗಾಗಿ ಒಂದು ದೊಡ್ಡದರ ಬದಲು ಎರಡು ಚಿಕ್ಕವು ಹೆಚ್ಚು ಉಪಯುಕ್ತ. ಒಂದೇ ಸಲ ಎರಡು ಕೊಳ್ಳಬೇಕಿಲ್ಲ. ಮೊದಲು ಒಂದನ್ನು ಕೂರಿಸಿ, ಎರಡನೆಯದು ನಿಧಾನವಾಗಿ ಬರಲಿ.

ಕೊಳ್ಳುವ ಬಗ್ಗೆ ಒಂದು ಮಾತು. ಶ್ವೇಬಿಷ್ ಗ್ಮ್ಯುಂಡ್‌ನ ನೂಬರ್ಟ್, ಬರ್ಲಿನ್‌ನ ಟೊಯ್ಫೆಲ್, ವೈಲ್‌ರೋಡ್‌ನ ಕ್ಯಾಂಟನ್, ಕೀಲ್‌ನ ಎಲಾಕ್, ಹೀಗೆ ಇಲ್ಲಿಯದೇ ಕಂಪನಿಗಳು ಬೇಕಾದಷ್ಟಿವೆ. ಅಂಗಡಿಯಲ್ಲಿ ಕೇಳಿ ತೀರ್ಮಾನಿಸಬೇಡಿ, ಅದು ಅಂಗಡಿಯ ಕೋಣೆ. ಇಂಟರ್‌ನೆಟ್‌ನಲ್ಲಿ ಕೊಂಡರೆ ಕಾನೂನಿನ ಪ್ರಕಾರ 14 ದಿನದೊಳಗೆ ವಾಪಸು ಮಾಡುವ ಹಕ್ಕಿದೆ. ಮನೆಯಲ್ಲೇ ಕೇಳಿ ನೋಡಿ, ರಟ್ಟಿನ ಪೆಟ್ಟಿಗೆ ಎಸೆಯಬೇಡಿ.

ಜೋಡಿಸುವ ಕ್ರಮ

1. ವೈರು: ಆಂಪ್ಲಿಫೈಯರಿನ ಹಿಂದೆ ‘ಸಬ್ ಔಟ್’ ಅಥವಾ ‘ಪ್ರಿ ಔಟ್’ ಇದ್ದರೆ ಅಲ್ಲಿಂದ ಒಂದು ವೈರು ಸಾಕು. ಹಳೆಯ ಸ್ಟೀರಿಯೋಗಳಲ್ಲಿ ಇದು ಇರುವುದಿಲ್ಲ. ಆಗ ಸ್ಪೀಕರ್ ವೈರನ್ನೇ ತೆಗೆದುಕೊಳ್ಳುವ ಹೈ-ಲೆವೆಲ್ ಇನ್‌ಪುಟ್ ಇರುವ ಸಬ್‌ವೂಫರ್ ಕೊಳ್ಳಿ.

2. ಕ್ರಾಸ್‌ಓವರ್: ಸಬ್‌ವೂಫರ್ ಎಲ್ಲಿಯವರೆಗೆ ಹಾಡಬೇಕು ಎಂಬ ಗಡಿ. ಸುಮಾರು 80 ಹರ್ಟ್ಸ್‌ನ ಕೆಳಗೆ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯುವುದು ಕಷ್ಟ, ಆದ್ದರಿಂದ 80ರಿಂದ ಶುರು ಮಾಡಿ. ಗಂಡಸರ ದನಿ ಮೂಲೆಯಿಂದ ಬರುತ್ತಿದೆ ಎನ್ನಿಸಿದರೆ ಇಳಿಸಿ. ಮುಖ್ಯ ಸ್ಪೀಕರುಗಳು ಸಾಕಷ್ಟು ಕೆಳಗಿಳಿಯುವಂಥವಾದರೆ 50, 60 ಸಾಕು.

3. ಫೇಸ್: ಹಿಂದೆ 0, 180 ಎಂಬ ಒಂದು ಸ್ವಿಚ್ ಇರುತ್ತದೆ. ನೀವು ಸೋಫಾದಲ್ಲಿ ಕೂತುಕೊಳ್ಳಿ, ಮನೆಯವರು ಯಾರಾದರೂ ಸ್ವಿಚ್ ಬದಲಾಯಿಸಲಿ. ಯಾವ ಕಡೆ ಬೇಸ್ ತುಂಬಿ ಕೇಳಿಸುತ್ತದೋ ಅದು ಸರಿ. ಇನ್ನೊಂದರಲ್ಲಿ ಸ್ಪೀಕರೂ ಸಬ್‌ವೂಫರೂ ಒಂದನ್ನೊಂದು ಅಳಿಸುತ್ತಿರುತ್ತವೆ.

4. ಜೋರು: ಎಲ್ಲರೂ ತಪ್ಪುವುದು ಇಲ್ಲೇ. ಸಬ್‌ವೂಫರ್ ಕೇಳಿಸುತ್ತಿದೆ ಎಂದರೆ ಅದು ಹೆಚ್ಚಾಯಿತು ಎಂದರ್ಥ. ಆಫ್ ಮಾಡಿದಾಗ ಮಾತ್ರ ಏನೋ ಕಡಿಮೆಯಾಯಿತು ಎನ್ನಿಸಬೇಕು. ಅಡಿಗೆಯಲ್ಲಿ ಇಂಗು ಇದ್ದ ಹಾಗೆ.

ಇನ್ನೂ ನಿಖರವಾಗಿ ಬೇಕೆಂದರೆ ಆರ್‌ಇಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್ ಮತ್ತು ಅಳೆಯುವ ಯುಎಸ್‌ಬಿ ಮೈಕ್ ತೆಗೆದುಕೊಂಡರೆ ಕೋಣೆಯ ಏರಿಳಿತ ಗ್ರಾಫ್‌ನಲ್ಲಿ ಕಾಣುತ್ತದೆ. ಕೂಟದಲ್ಲಿ ನಾಲ್ಕು ಮನೆಯವರು ಸೇರಿ ಒಂದು ಮೈಕ್ ಕೊಂಡರೂ ಆಯಿತು. ಈಕ್ವಲೈಜರ್‌ನಿಂದ ಗುಡ್ಡಗಳನ್ನು ಕಡಿಯಿರಿ, ಹಳ್ಳಗಳನ್ನು ತುಂಬಲು ಹೋಗಬೇಡಿ. ಅಲೆಗಳೇ ಅಳಿಸಿಹಾಕಿದ ಜಾಗಕ್ಕೆ ಎಷ್ಟು ಸುರಿದರೂ ಅದು ತುಂಬುವುದಿಲ್ಲ, ಆಂಪ್ಲಿಫೈಯರ್ ಸುಸ್ತಾಗುತ್ತದೆ ಅಷ್ಟೇ.

ಹಾಡು ಇಲ್ಲದಾಗಲೂ ‘ಹೂಂ’ ಎಂಬ ಸದ್ದು ಬರುತ್ತಿದ್ದರೆ ಅದು ಅರ್ಥಿಂಗ್ ಸುತ್ತು, ಜರ್ಮನ್ನರು ಬ್ರುಮ್‌ಷ್ಲೈಫೆ ಎನ್ನುತ್ತಾರೆ. ಟಿವಿಯ ಕೇಬಲ್ ವೈರು ಕಳಚಿ ನೋಡಿ. ಸದ್ದು ನಿಂತರೆ ಆ ವೈರಿಗೆ ಮಾಂಟೆಲ್‌ಷ್ಟ್ರೋಮ್‌ಫಿಲ್ಟರ್ ಎಂಬ ಸಣ್ಣ ತುಂಡು ಸಿಕ್ಕಿಸಿದರೆ ಸಾಕು. ಪ್ಲಗ್ಗಿನ ಅರ್ಥಿಂಗ್ ಪಟ್ಟಿಗೆ ಟೇಪು ಸುತ್ತುವ ಸಾಹಸವನ್ನು ಮಾತ್ರ ದಯವಿಟ್ಟು ಮಾಡಬೇಡಿ, ಪ್ರಾಣಕ್ಕೆ ಅಪಾಯ.

ಕೆಳಗಿನ ಮನೆಯವರು

ಇಷ್ಟೆಲ್ಲ ಮಾಡಿದ ಮೇಲೂ ಬಾಗಿಲು ತಟ್ಟುವವರ ವಿಷಯ ಉಳಿಯುತ್ತದೆ. “ನಾವು ಜೋರಾಗಿ ಇಟ್ಟೇ ಇರಲಿಲ್ಲ ಸಾರ್” ಎನ್ನುತ್ತಾರೆ ನಮ್ಮ ಸ್ನೇಹಿತರು. ಅವರು ಹೇಳಿದ್ದು ಸುಳ್ಳಲ್ಲ, ಕೆಳಗಿನವರು ಹೇಳಿದ್ದೂ ಸುಳ್ಳಲ್ಲ.

ಜರ್ಮನಿಯಲ್ಲಿ ಮನೆಗಳ ನಡುವಿನ ಸದ್ದಿನ ತಡೆಗೆ ಡಿಐಎನ್ 4109 ಎಂಬ ಮಾನದಂಡವಿದೆ. ಎರಡು ಫ್ಲ್ಯಾಟುಗಳ ನಡುವಿನ ಗೋಡೆ ಕನಿಷ್ಠ 53 ಡೆಸಿಬೆಲ್ ತಡೆಯಬೇಕು ಎನ್ನುತ್ತದೆ ಅದು. ಆದರೆ ಆ ಸಂಖ್ಯೆಯನ್ನು ಲೆಕ್ಕ ಹಾಕುವುದು 100ರಿಂದ 3150 ಹರ್ಟ್ಸ್‌ವರೆಗಿನ ಸದ್ದಿಗೆ. ಮಾತು, ಅಳು, ಜಗಳ, ಟಿವಿ ಎಲ್ಲ ಅದರಲ್ಲಿ ಬರುತ್ತದೆ. ಸಬ್‌ವೂಫರ್ ಹಾಡುವುದು 100ರ ಕೆಳಗೆ! ಆ ಸಂಖ್ಯೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಸ್ವರ ಒಂದು ಸ್ಥಾಯಿ ಇಳಿದ ಹಾಗೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಹಾಡು ಗೋಡೆಯಲ್ಲೇ ನಿಲ್ಲುತ್ತದೆ, ಮೃದಂಗದ ಎಡಗೈ ಮಾತ್ರ ಕೆಳಗಿನವರ ಮಲಗುವ ಕೋಣೆಗೆ ಹೋಗುತ್ತದೆ. ಅವರಿಗೆ ಕೇಳಿಸುವುದು ಸಂಗೀತವಲ್ಲ, ತಲೆಬುಡವಿಲ್ಲದ ಗುದ್ದು. ಮರದ ತೊಲೆಗಳ ಹಳೆಯ ಆಲ್ಟ್‌ಬೌಗಳಲ್ಲಿ ಇದು ಇನ್ನೂ ಹೆಚ್ಚು.

ಮೊಬೈಲಿನ ಡೆಸಿಬೆಲ್ ಆಪ್ ತೋರಿಸಿ ವಾದ ಮಾಡಬೇಡಿ. ಅವುಗಳಲ್ಲಿ ಹೆಚ್ಚಿನವು ಡಿಬಿ-ಎ ಎಂಬ ಅಳತೆಯಲ್ಲಿ ತೋರಿಸುತ್ತವೆ. ಆ ಅಳತೆ 50 ಹರ್ಟ್ಸ್‌ನ ಸದ್ದನ್ನು 30 ಡೆಸಿಬೆಲ್ ಕಡಿಮೆ ಮಾಡಿ ಲೆಕ್ಕ ಹಿಡಿಯುತ್ತದೆ. ಇದಕ್ಕಾಗಿಯೇ ಕೆಳಸ್ವರದ ಗದ್ದಲ ಅಳೆಯಲು ಡಿಐಎನ್ 45680 ಎಂಬ ಬೇರೆ ಮಾನದಂಡವನ್ನೇ ಇಲ್ಲಿ ಮಾಡಿದ್ದಾರೆ.

ಕಾನೂನು ನಿಮಗೆ ಗೊತ್ತಿರುವುದೇ. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ನಾಖ್ಟ್‌ರೂಹೆ, ಭಾನುವಾರ ಮತ್ತು ಹಬ್ಬದ ದಿನಗಳಲ್ಲೂ ನಿಶ್ಶಬ್ದ. ಕೆಲವು ಕಟ್ಟಡಗಳ ಹೌಸ್‌ಓರ್ಡ್‌ನುಂಗ್‌ನಲ್ಲಿ ಮಧ್ಯಾಹ್ನದ ವಿಶ್ರಾಂತಿಯೂ ಇದೆ. ಆ ಹೊತ್ತಿನಲ್ಲಿ ತ್ಸಿಮ್ಮರ್‌ಲೌಟ್‌ಷ್ಟೆರ್ಕೆ, ಅಂದರೆ ಸದ್ದು ನಿಮ್ಮ ಮನೆಯ ಹೊರಗೆ ಕೇಳಿಸಲೇಬಾರದು, ಕೇಳಿಸಿದರೂ ತೀರಾ ಮೆಲ್ಲಗಿರಬೇಕು. ಅತಿಯಾದ ಗದ್ದಲ ಮಾಡಿ ನೆರೆಯವರನ್ನು ಪೀಡಿಸಿದರೆ ಒವಿಜಿ ಕಾಯಿದೆಯ 117ನೆಯ ಕಲಮಿನ ಪ್ರಕಾರ 5000 ಯೂರೋವರೆಗೆ ದಂಡ ಬೀಳಬಹುದು. ಆದರೆ ದಂಡಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ನಾವು ಇದೇ ಮೆಟ್ಟಿಲಲ್ಲಿ ದಿನವೂ ಓಡಾಡಬೇಕು, ನಮ್ಮ ಮಕ್ಕಳು ಇದೇ ಅಂಗಳದಲ್ಲಿ ಆಡಬೇಕು.

ಮಾಡಬಹುದಾದದ್ದು ಇಷ್ಟು. ಡಬ್ಬವನ್ನು ನೆಲದಿಂದ ಬಿಡಿಸಿ: ಬೌಮಾರ್ಕ್ಟ್‌ನಲ್ಲಿ ವಾಷಿಂಗ್ ಮೆಷಿನ್ ಕೆಳಗೆ ಹಾಕುವ ರಬ್ಬರ್ ಚಾಪೆ ಸಿಗುತ್ತದೆ, ಅದರ ಮೇಲೆ ಒಂದು ಕಲ್ಲಿನ ಚಪ್ಪಡಿ, ಅದರ ಮೇಲೆ ಸಬ್‌ವೂಫರ್. ಇದು ನೆಲಕ್ಕೆ ನೇರವಾಗಿ ಇಳಿಯುವ ಕಂಪನವನ್ನು ಕಡಿಮೆ ಮಾಡುತ್ತದೆ. ಗಾಳಿಯ ಮೂಲಕ ಹೋಗುವುದನ್ನು ನಿಲ್ಲಿಸುವುದಿಲ್ಲ, ಅದಕ್ಕೆ ಇರುವ ಔಷಧ ಒಂದೇ, ಜೋರು ಇಳಿಸುವುದು. ಕೂರುವ ಜಾಗದ ಹತ್ತಿರವೇ ಸಬ್‌ವೂಫರ್ ಇಟ್ಟರೆ ಕಡಿಮೆ ಜೋರಿನಲ್ಲೇ ನಿಮಗೆ ಸಾಕಷ್ಟು ಕೇಳಿಸುತ್ತದೆ. ಸ್ವಿಚ್ ಇರುವ ಪ್ಲಗ್ ಪಟ್ಟಿ ಹಾಕಿ, ಸಂಜೆ ಊಟದ ಹೊತ್ತಿಗೆ ಸಬ್‌ವೂಫರನ್ನು ಮಾತ್ರ ಆರಿಸಿ. ಮೆಲ್ಲಗೆ ಹಾಕಿದಾಗ ಬೇಸ್ ಕಡಿಮೆ ಎನ್ನಿಸುವುದು ಕಿವಿಯ ಸ್ವಭಾವ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಗುಂಡಿ ತಿರುಗಿಸಲು ಕೈ ಹೋದಾಗ ಇದು ನೆನಪಿರಲಿ. ಅಂಥ ಹೊತ್ತಿಗೆ ಒಳ್ಳೆಯ ಹೆಡ್‌ಫೋನೇ ಸರಿ.

ಇವೆಲ್ಲಕ್ಕಿಂತ ಕೆಲಸ ಮಾಡಿದ್ದು ಇನ್ನೊಂದು. ನಮ್ಮ ಸ್ನೇಹಿತರು ಒಂದು ಡಬ್ಬಿ ಕೋಡುಬಳೆ ಹಿಡಿದು ಕೆಳಗಿನ ವಯಸ್ಸಾದ ದಂಪತಿಗಳ ಮನೆಗೆ ಹೋದರು. “ನಾನು ಮೇಲೆ ಹಾಡು ಹಾಕುತ್ತೇನೆ, ನೀವು ನಿಮ್ಮ ಮಲಗುವ ಕೋಣೆಯಲ್ಲಿ ಕೂತು ಕೇಳಿ, ಎಲ್ಲಿ ತೊಂದರೆ ಶುರುವಾಗುತ್ತದೆ ಹೇಳಿ” ಎಂದರು. ಅವರ ಹೆಂಡತಿ ಫೋನ್ ಹಿಡಿದು ಕೆಳಗೆ, ಇವರು ಗುಂಡಿ ಹಿಡಿದು ಮೇಲೆ. ಕೆಳಗಿನವರು ‘ಈಗ ಕೇಳಿಸುತ್ತಿದೆ’ ಎಂದ ಜಾಗಕ್ಕಿಂತ ಸ್ವಲ್ಪ ಹಿಂದೆ ಆಂಪ್ಲಿಫೈಯರಿನ ಗುಂಡಿಯ ಪಕ್ಕ ಒಂದು ಕೆಂಪು ಬಿಂದಿ ಅಂಟಿಸಿದರು. ಹಗಲಿನಲ್ಲೂ ಅದನ್ನು ದಾಟುವುದಿಲ್ಲ. ಆಮೇಲೆ ಯಾರೂ ಬಾಗಿಲು ತಟ್ಟಿಲ್ಲ.

ಕೊನೆಯದಾಗಿ

ಸಬ್‌ವೂಫರ್ ಕೆಲ್ಲರ್‌ನಿಂದ ಮೇಲೆ ಬಂತು. ಅದೇ ಡಬ್ಬ, ಅದೇ ಬ್ರ್ಯಾಂಡ್. ಮೂಲೆ ಬಿಟ್ಟು ಉದ್ದದ ಗೋಡೆಯ ನಡುಭಾಗಕ್ಕೆ ಹೋಯಿತು, ಸೋಫಾ ಅರ್ಧ ಮೀಟರ್ ಮುಂದೆ ಬಂತು, ಗುಂಡಿ ಅರ್ಧಕ್ಕಿಂತ ಕೆಳಗಿಳಿಯಿತು. ಎರಡನೆಯದನ್ನು ಇನ್ನೂ ಕೊಂಡಿಲ್ಲ.

ನಿಮ್ಮ ಕೋಣೆಯನ್ನು ಪರೀಕ್ಷಿಸಲು ಒಂದು ಒಳ್ಳೆಯ ಧ್ವನಿಮುದ್ರಣ ಬೇಕೆಂದರೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಸೇರಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿತು. ಆರ್. ಎ. ರಮಾಮಣಿಯವರ ಹಾಡುಗಾರಿಕೆ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ. 1983ರಲ್ಲಿ ಅದನ್ನು ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ನಮ್ಮೂರಿನ ತಾಳವಾದ್ಯಗಳನ್ನು ಜರ್ಮನಿಯವರು ಶ್ರದ್ಧೆಯಿಂದ ಮುದ್ರಿಸಿಕೊಂಡ ಕೆಲಸ. ಮಣಿಯವರು 2020ರಲ್ಲಿ ತೀರಿಕೊಂಡರು, ಅವರ ಎಡಗೈ ಆ ಮುದ್ರಣದಲ್ಲಿದೆ. ಮೊದಲು ಸಬ್‌ವೂಫರ್ ಆರಿಸಿ ಕೇಳಿ, ಆಮೇಲೆ ಹಾಕಿ ಕೇಳಿ. ಮೃದಂಗ ದೊಡ್ಡದಾಯಿತು ಎನ್ನಿಸಿದರೆ ಗುಂಡಿ ಇಳಿಸಿ. ಮೃದಂಗ ಹತ್ತಿರ ಬಂತು ಎನ್ನಿಸಿದರೆ ಅಲ್ಲಿಗೆ ಬಿಡಿ.

ನಿಮ್ಮ ಮನೆಯ ಅಳತೆ, ನಿಮ್ಮ ಅನುಭವ ಬರೆದು ಕಳಿಸಿ. ಲೆಕ್ಕ ಹಾಕಿ ಮುಂದಿನ ಸಂಚಿಕೆಯಲ್ಲಿ ಉತ್ತರಿಸೋಣ.

ಸಿರಿಗನ್ನಡಂ ಗೆಲ್ಗೆ.